ಬಿಡುಗಡೆಗೆ ಮುನ್ನವೇ ಒಂದು ಲಿನಕ್ಸ್ ಅಂಗೈ ಕಂಪ್ಯೂಟರನ್ನು ತೂಗಿ ನೋಡುವುದು ಹೇಗೆ?

ಹುಬ್ಬಳ್ಳಿಯ ಗೋಕುಲ ರಸ್ತೆಯ ಆಸುಪಾಸಿನಲ್ಲಿ ವಾಲ್ವ್ ತಯಾರಿಸುವ ಸಣ್ಣ ಕಾರ್ಖಾನೆಗಳು ಹಲವಿವೆ. ಅಲ್ಲಿ ಇನ್ನೂ ದುಡಿಯುತ್ತಿರುವ ಹಳೆಯ ಸಿಎನ್‌ಸಿ (ಕಂಪ್ಯೂಟರ್ ಆಜ್ಞೆಯಂತೆ ಲೋಹ ಕಡೆಯುವ) ಯಂತ್ರಗಳಿಗೆ ಪ್ರೋಗ್ರಾಂ ತುಂಬಬೇಕೆಂದರೆ ಇಂದಿಗೂ ಆರ್‌ಎಸ್-232 ಎಂಬ ಸೀರಿಯಲ್ ಕೇಬಲ್ಲೇ ಗತಿ. ನನ್ನ ದುಡಿಮೆಯ ಒಂದು ಭಾಗ ಇದೇ ಆಗಿದೆ. ಲ್ಯಾಪ್‌ಟಾಪನ್ನು ಟೂಲ್ ಟ್ರಾಲಿಯ ಮೇಲೆ ಚಕ್ ಕೀಲಿ, ವರ್ನಿಯರ್‌ಗಳ ನಡುವೆ ಹೇಗೋ ನಿಲ್ಲಿಸಿ, ಕೂಲಂಟ್ ಹನಿ ಕೀಬೋರ್ಡಿನ ಮೇಲೆ ಸಿಡಿಯದಂತೆ ಒಂದು ಕೈ ಅಡ್ಡ ಹಿಡಿದು, ಇನ್ನೊಂದು ಕೈಯಿಂದ 4800 ಬಾಡ್, 7 ಬಿಟ್, ಈವನ್ ಪ್ಯಾರಿಟಿ, 2 ಸ್ಟಾಪ್ ಬಿಟ್ ಎಂದು ಹೊಂದಿಸಿ ಕಳಿಸುವ ಕಡತ ಬಹಳವಾದರೆ ಕೆಲವು ಕಿಲೋಬೈಟ್‌ನಷ್ಟಿರುತ್ತದೆ. ಇಷ್ಟು ಚಿಕ್ಕ ಕೆಲಸಕ್ಕೆ ಎರಡು ಕಿಲೋ ತೂಕದ ಯಂತ್ರವನ್ನು ಹೊತ್ತು ತಿರುಗುವವನಿಗೆ ಅಂಗಿಯ ಜೇಬಿನಲ್ಲಿ ಹಿಡಿಯುವ ಕಂಪ್ಯೂಟರಿನ ಜಾಹೀರಾತು ಕಂಡಾಗ ಆಸೆ ಹುಟ್ಟುವುದು ಸಹಜ.

ಧಾರವಾಡದಲ್ಲಿ ಎಂಜಿನಿಯರಿಂಗ್ ಓದುತ್ತಿರುವ ನನ್ನ ಅಣ್ಣನ ಮಗ ಕಳೆದ ತಿಂಗಳು ಅಂಥದೇ ಒಂದು ಜಾಹೀರಾತನ್ನು ಕಳಿಸಿ, ‘ಕಾಕಾ, ಇದು ಇನ್ನೂ ಬಂದಿಲ್ಲ, ಈಗ ಬುಕ್ ಮಾಡಿದ್ರ ಕಡಿಮಿ ರೇಟಿಗೆ ಕೊಡ್ತಾರಂತ, ಮಾಡ್ಲೇನು?’ ಎಂದು ಕೇಳಿದ. ಐದು ಇಂಚಿನ ಪರದೆ, ಎಂಟು ಕೋರ್‌ಗಳ ಆರ್ಮ್ ಪ್ರೊಸೆಸರ್, 8 ಜಿಬಿ ರ‍್ಯಾಮ್, 5000 ಎಂಎಎಚ್ ಬ್ಯಾಟರಿ, ಎರಡೂ ಹೆಬ್ಬೆರಳುಗಳಿಂದ ಒತ್ತುವ ಕೀಬೋರ್ಡ್, ಕೊನೆಯಲ್ಲಿ ದಪ್ಪ ಅಕ್ಷರಗಳಲ್ಲಿ ‘ಪೂರ್ಣ ಲಿನಕ್ಸ್’, ಅಂದರೆ ವಿಂಡೋಸಿನ ಹಾಗೆ ಕಂಪ್ಯೂಟರನ್ನು ನಡೆಸುವ ಮುಕ್ತ ವ್ಯವಸ್ಥೆ. ತಯಾರಕರು ಯಾರೆಂಬುದು ಇಲ್ಲಿ ಮುಖ್ಯವಲ್ಲ, ಏಕೆಂದರೆ ಈ ಬಗೆಯ ಪಟ್ಟಿಗಳೆಲ್ಲ ಹೆಚ್ಚುಕಡಿಮೆ ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತಿರುತ್ತವೆ. ಅವನಿಗೆ ಫೋನಿನಲ್ಲಿ ತುಂಡುತುಂಡಾಗಿ ಹೇಳಿದ್ದನ್ನು ಇಲ್ಲಿ ಸ್ವಲ್ಪ ಕ್ರಮವಾಗಿ ಬರೆದಿದ್ದೇನೆ.

ಆ ಪಟ್ಟಿಯಲ್ಲಿರುವ ಪ್ರತಿಯೊಂದು ವಸ್ತುವನ್ನೂ ದುಡ್ಡಿದ್ದವರು ಮಾರುಕಟ್ಟೆಯಿಂದ ತಂದು ಒಂದು ಡಬ್ಬಿಯೊಳಗೆ ಜೋಡಿಸಬಹುದು. ಯಂತ್ರ ಎರಡು ವರ್ಷದ ನಂತರವೂ ಉಪಯೋಗಕ್ಕೆ ಬರುತ್ತದೆಯೇ ಎಂಬುದನ್ನು ತೀರ್ಮಾನಿಸುವ ಎರಡು ಸಂಗತಿಗಳು ಮಾತ್ರ ಪಟ್ಟಿಯಲ್ಲಿ ಎಲ್ಲಿಯೂ ಇರುವುದಿಲ್ಲ. ಅದರ ಡ್ರೈವರ್‌ಗಳು, ಅಂದರೆ ಒಂದೊಂದು ಬಿಡಿಭಾಗವನ್ನು ನಡೆಸುವ ತಂತ್ರಾಂಶಗಳು, ಎಲ್ಲಿ ವಾಸವಾಗಿವೆ ಎಂಬುದು ಮೊದಲನೆಯದು. ಯಂತ್ರಕ್ಕೆ ನಿದ್ದೆ ಮಾಡಲು ಬರುತ್ತದೆಯೇ ಎಂಬುದು ಎರಡನೆಯದು.

ಮೊದಲು ಡ್ರೈವರ್‌ಗಳ ವಿಚಾರ. ನಮ್ಮ ಮೇಜಿನ ಮೇಲಿನ ಪಿಸಿಗೆ ಯಾವುದೋ ಪೆನ್‌ಡ್ರೈವಿನಿಂದ ಲಿನಕ್ಸ್ ಹಾಕಿದರೆ ಅದು ಬಹುಮಟ್ಟಿಗೆ ತಾನಾಗಿಯೇ ಎದ್ದು ನಿಲ್ಲುತ್ತದೆ. ಪಿಸಿಯ ಮದರ್‌ಬೋರ್ಡಿನಲ್ಲಿರುವ ಫರ್ಮ್‌ವೇರ್ (ಬೋರ್ಡಿನಲ್ಲೇ ನೆಲೆಸಿರುವ ತಂತ್ರಾಂಶ) ತನ್ನಲ್ಲಿ ಏನೇನಿದೆ ಎಂಬುದನ್ನು ಒಂದು ಗೊತ್ತಾದ ಪದ್ಧತಿಯಂತೆ ಲಿನಕ್ಸಿನ ತಿರುಳಾದ ಕರ್ನಲ್‌ಗೆ ತಿಳಿಸುತ್ತದೆ, ಪಿಸಿಐ, ಯುಎಸ್‌ಬಿಯಂಥ ದಾರಿಗಳಲ್ಲಿ ಕೂತಿರುವ ಸಾಧನಗಳೂ ಕೇಳಿದಾಗ ತಮ್ಮ ಹೆಸರು ಹೇಳುತ್ತವೆ. ಅಂಗೈ ಕಂಪ್ಯೂಟರಿನೊಳಗಿನ ಆರ್ಮ್ ಚಿಪ್ಪಿನ ಲೋಕದಲ್ಲಿ ಇಂಥ ಪರಿಚಯ ಹೇಳಿಕೊಳ್ಳುವ ಪದ್ಧತಿ ಸಾಮಾನ್ಯವಾಗಿ ಇರುವುದಿಲ್ಲ. ಪರದೆಯ ದೀಪ ಯಾವ ಕಾಲಿಗೆ ಜೋಡಿಸಿದೆ, ಬ್ಯಾಟರಿ ಅಳೆಯುವ ಚಿಪ್ ಯಾವ ವಿಳಾಸದಲ್ಲಿದೆ, ವೈಫೈಗೆ ವಿದ್ಯುತ್ ಕೊಡುವ ಸ್ವಿಚ್ ಯಾವುದು ಎಂಬುದನ್ನೆಲ್ಲ ಯಾರೋ ಒಬ್ಬರು ಕೂತು ಬರೆದು ಕೊಡಬೇಕು. ಆ ಬರಹಕ್ಕೆ ಡಿವೈಸ್ ಟ್ರೀ ಎನ್ನುತ್ತಾರೆ. ಅದರ ಜೊತೆಗೆ ಪ್ರತಿಯೊಂದು ಬಿಡಿಭಾಗಕ್ಕೂ ಡ್ರೈವರ್ ಬೇಕು. ಇವೆರಡರಲ್ಲಿ ಯಾವುದು ತಪ್ಪಿದರೂ ಕೈಯಲ್ಲಿ ಉಳಿಯುವುದು ಕಪ್ಪು ಪರದೆಯ ಒಂದು ಡಬ್ಬಿ.

ಇವನ್ನು ಬರೆದಾದ ಮೇಲೆ ಎಲ್ಲಿ ಇಡಬೇಕು ಎಂಬಲ್ಲಿ ದಾರಿ ಎರಡಾಗಿ ಒಡೆಯುತ್ತದೆ. ಒಂದು, ಮುಖ್ಯ ಕರ್ನಲ್‌ಗೆ, ಅಂದರೆ ಲಿನಸ್ ಟೊರ್ವಾಲ್ಡ್ಸ್ ಅವರ ಮೇಲ್ವಿಚಾರಣೆಯಲ್ಲಿ ಒಂಬತ್ತು-ಹತ್ತು ವಾರಕ್ಕೊಮ್ಮೆ ಹೊಸ ಆವೃತ್ತಿ ಹೊರಬೀಳುವ ಆ ಮೂಲ ಕೋಡಿನ ಮರಕ್ಕೆ, ತಮ್ಮ ಕೋಡನ್ನು ಕಳಿಸಿ, ಅಲ್ಲಿನ ನಿರ್ವಾಹಕರ ಆಕ್ಷೇಪಣೆಗಳಿಗೆಲ್ಲ ಉತ್ತರ ಕೊಟ್ಟು, ತಿದ್ದಿ, ಮತ್ತೆ ಕಳಿಸಿ ಒಪ್ಪಿಗೆ ಪಡೆಯುವುದು. ಇದು ನಿಧಾನದ ಕೆಲಸ, ಬೇಸರದ ಕೆಲಸವೂ ಹೌದು. ಆದರೆ ಒಮ್ಮೆ ಒಳಗೆ ಹೋದ ಕೋಡು ಎಲ್ಲರದಾಗುತ್ತದೆ: ಕರ್ನಲ್‌ನ ಒಳಗಿನ ವ್ಯವಸ್ಥೆಯನ್ನು ಮುಂದೆ ಯಾರೇ ಬದಲಾಯಿಸಿದರೂ ಅದಕ್ಕೆ ತಕ್ಕಂತೆ ಈ ಕೋಡನ್ನೂ ಅವರೇ ತಿದ್ದುತ್ತಾರೆ. ಇನ್ನೊಂದು, ಚಿಪ್ ಮಾರಿದವರು ಕೊಟ್ಟ ಹಳೆಯ ಕರ್ನಲ್ಲಿನ ಪ್ರತಿಯನ್ನೇ ತೆಗೆದುಕೊಂಡು, ಅದಕ್ಕೆ ತೇಪೆ ಹಾಕಿ, ಇಡೀ ವ್ಯವಸ್ಥೆಯನ್ನು ಒಂದೇ ಸಿದ್ಧ ಕಡತವಾಗಿ (ಇದೇ ಇಮೇಜ್) ಮಾಡಿ, ಕೊಂಡವರ ಕೈಗಿಡುವುದು. ಇದಕ್ಕೆ ವೆಂಡರ್ ಕರ್ನಲ್ ಎನ್ನುತ್ತಾರೆ. ಮೂರು ತಿಂಗಳಲ್ಲಿ ಮಾರಾಟಕ್ಕೆ ಇಳಿಯಬೇಕಾದವರು ಎರಡನೆಯ ದಾರಿಯನ್ನು ಹಿಡಿಯುವುದರಲ್ಲಿ ಅಚ್ಚರಿಯೇನೂ ಇಲ್ಲ.

ನಮ್ಮ ಕಡೆ ಹೊಲ ಕೊಳ್ಳುವವರು ಮಣ್ಣು ಎರಿಯೋ ಮಸಾರಿಯೋ ಎಂದು ನೋಡುವ ಮೊದಲು ಹೊಲಕ್ಕೆ ಹೋಗುವ ದಾರಿ ನಕಾಶೆಯಲ್ಲಿದೆಯೇ ಎಂದು ಕೇಳುತ್ತಾರೆ. ಪಕ್ಕದ ಹೊಲದವರು ಇವತ್ತು ಒಳ್ಳೆಯವರಾಗಿದ್ದು ಬದುವಿನ ಮೇಲೆ ಬಂಡಿ ಬಿಟ್ಟರೂ ನಾಳೆ ಅವರ ಮಕ್ಕಳು ಬೇಲಿ ಹಾಕಿದರೆ ಎರಿ ಮಣ್ಣನ್ನು ಕಟ್ಟಿಕೊಂಡು ಏನು ಮಾಡುವುದು? ವೆಂಡರ್ ಕರ್ನಲ್ ಅಂಥ ಬದುವಿನ ದಾರಿ.

ಆರ್‌ಕೆ3588 ಎಂಬ ಚಿಪ್ಪನ್ನು ಉದಾಹರಣೆಗೆ ನೋಡಬಹುದು. ರಾಕ್‌ಚಿಪ್ ಕಂಪನಿಯ ಈ ಚಿಪ್ಪಿನಲ್ಲಿ ನಾಲ್ಕು ಕಾರ್ಟೆಕ್ಸ್-ಎ76, ನಾಲ್ಕು ಕಾರ್ಟೆಕ್ಸ್-ಎ55 ಕೋರ್‌ಗಳೂ ಮಾಲಿ-ಜಿ610 ಗ್ರಾಫಿಕ್ಸ್ ಘಟಕವೂ ಇವೆ. ಇಂಥ ಸಣ್ಣ ಯಂತ್ರಗಳಿಗೆ ಅದು ಧಾರಾಳ ಶಕ್ತಿ. ಅದನ್ನು ಹೊತ್ತ ಬೋರ್ಡುಗಳು 2022ರಲ್ಲಿ ಜನರ ಕೈ ಸೇರಿದಾಗ ಜೊತೆಗೆ ಬಂದದ್ದು 5.10ರ ವೆಂಡರ್ ಕರ್ನಲ್, ಅಂದರೆ ಮುಖ್ಯ ಮರದಲ್ಲಿ 2020ರ ಡಿಸೆಂಬರಿನಲ್ಲಿ ಬಂದಿದ್ದ ಆವೃತ್ತಿ. ಅದರ ಗ್ರಾಫಿಕ್ಸ್ ಘಟಕಕ್ಕೆ ಬೇಕಾದ ಪ್ಯಾಂಥರ್ ಎಂಬ ಮುಕ್ತ ಡ್ರೈವರ್ ಮುಖ್ಯ ಕರ್ನಲ್ಲಿಗೆ ಸೇರಿದ್ದು 2024ರ ಜುಲೈನಲ್ಲಿ ಬಿಡುಗಡೆಯಾದ 6.10ರಲ್ಲಿ. ಚಿಪ್ ಮಾರುಕಟ್ಟೆಗೆ ಬಂದದ್ದಕ್ಕೂ ಅದಕ್ಕೆ ನೆಲೆಯುಳ್ಳ ಸಾಫ್ಟ್‌ವೇರ್ ಬಂದದ್ದಕ್ಕೂ ನಡುವೆ ಎರಡು ವರ್ಷದಷ್ಟು ಅಂತರವಿದೆ, ಅದೂ ಬಹಳ ಜನ ಕೊಂಡ, ಬಹಳ ಪರಿಣತರು ಕೈಹಾಕಿದ ಚಿಪ್ಪಿಗೆ. ಯಾರೂ ಕೇಳರಿಯದ ಚಿಪ್ಪಿನ ಗತಿಯನ್ನು ಓದುಗರು ಊಹಿಸಿಕೊಳ್ಳಬಹುದು.

ಇದರ ತದ್ವಿರುದ್ಧ ಉದಾಹರಣೆಯೂ ಇದೆ. 2020ರಲ್ಲಿ ಬಂದ ಪೈನ್‌ಫೋನ್ ಎಂಬ ಲಿನಕ್ಸ್ ಫೋನಿನೊಳಗಿದ್ದದ್ದು ಆಲ್‌ವಿನ್ನರ್ ಎ64, ಆ ಹೊತ್ತಿಗಾಗಲೇ ಐದು ವರ್ಷ ಹಳೆಯದಾಗಿದ್ದ, ನಿಧಾನವೆಂದೇ ಹೆಸರಾದ ಚಿಪ್. ಪಟ್ಟಿ ಓದಿ ಕೊಳ್ಳುವವರು ಅದನ್ನು ಕಣ್ಣೆತ್ತಿಯೂ ನೋಡುತ್ತಿರಲಿಲ್ಲ. ಆದರೆ ಆ ಐದು ವರ್ಷಗಳಲ್ಲಿ ಹವ್ಯಾಸಿಗಳು ಅದರ ಬಹುತೇಕ ಭಾಗಗಳಿಗೆ ಮುಖ್ಯ ಕರ್ನಲ್ಲಿನಲ್ಲಿ ಡ್ರೈವರ್ ಬರೆದು ಮುಗಿಸಿದ್ದರಿಂದ ಡೆಬಿಯನ್ ಎಂಬ ಲಿನಕ್ಸ್ ವ್ಯವಸ್ಥೆಯನ್ನು ಆಧರಿಸಿದ ಮೋಬಿಯನ್, ಪೋಸ್ಟ್‌ಮಾರ್ಕೆಟ್‌ಓಎಸ್ ಮುಂತಾದ ಹಲವು ವ್ಯವಸ್ಥೆಗಳು ಆ ಫೋನಿನ ಮೇಲೆ ನಡೆದವು. ಹೊಸ ಚಿಪ್ ಎಂಬುದು ಈ ಕ್ಷೇತ್ರದಲ್ಲಿ ಎಷ್ಟೋ ಸಲ ಗುಣವಲ್ಲ, ದೋಷ.

‘ನಾವು ಸೋರ್ಸ್ ಕೊಡುತ್ತೇವೆ’ ಎಂಬ ಮಾತಿಗೂ ಮರುಳಾಗಬೇಕಿಲ್ಲ. ಲಿನಕ್ಸ್ ಕರ್ನಲ್ ಜಿಪಿಎಲ್ ಎರಡನೆಯ ಆವೃತ್ತಿಯ ಪರವಾನಗಿಯಡಿ ಇರುವುದರಿಂದ, ಯಂತ್ರ ಮಾರುವವರು ಕೇಳಿದ ಗಿರಾಕಿಗೆ ಅದರ ಮೂಲ ಕೋಡು ಕೊಡಲೇಬೇಕು. ಅದು ಕಾನೂನಿನ ಕಟ್ಟಳೆಯೇ ಹೊರತು ಔದಾರ್ಯವಲ್ಲ. 5.10ರ ಒಂದು ಗಂಟನ್ನು ಕಟ್ಟಿ ಎಲ್ಲಿಯೋ ಇಟ್ಟರೆ ಕಟ್ಟಳೆ ಪಾಲಿಸಿದಂತಾಗುತ್ತದೆ, ಕೊಂಡವನ ಹೊಲಕ್ಕೆ ದಾರಿ ಮಾತ್ರ ಆಗುವುದಿಲ್ಲ. ‘ಲಿನಕ್ಸ್ ನಡೆಯುತ್ತದೆ’ ಎಂಬ ಮಾತನ್ನೂ ಹೀಗೆಯೇ ಒಡೆದು ನೋಡಬೇಕು. ಆಂಡ್ರಾಯ್ಡಿನ ಅಡಿಯಲ್ಲಿರುವುದೂ ಲಿನಕ್ಸ್ ಕರ್ನಲ್ಲೇ ಆದ್ದರಿಂದ, ಆಂಡ್ರಾಯ್ಡಿನೊಳಗೆ ಒಂದು ಕಿಟಕಿಯಲ್ಲಿ ಡೆಬಿಯನ್ ತೋರಿಸಿ ‘ಪೂರ್ಣ ಲಿನಕ್ಸ್’ ಎಂದವರೂ ಸುಳ್ಳು ಹೇಳಿದಂತಾಗುವುದಿಲ್ಲ.

ನನಗೆ ಈ ಬುದ್ಧಿ ಬಂದದ್ದು ಕೈ ಸುಟ್ಟುಕೊಂಡ ಮೇಲೆ. ಕೆಲವು ವರ್ಷಗಳ ಹಿಂದೆ ಒಂದು ಚಿಕ್ಕ ತಯಾರಕರಿಗೆ ಮುಂಗಡ ಕೊಟ್ಟು, ಹೇಳಿದ ಅವಧಿಗಿಂತ ಬಹಳ ತಡವಾಗಿ ಒಂದು ಕೀಬೋರ್ಡಿನ ಯಂತ್ರವನ್ನು ಪಡೆದೆ. ಯಂತ್ರ ಚೆನ್ನಾಗಿಯೇ ಇತ್ತು. ಒಂದು ದಿನ ನಡುವೆ ಕರೆಂಟು ಹೋಗಿ ಮೆಮೊರಿ ಕಾರ್ಡು ಕೆಟ್ಟಾಗ ಹೊಸ ಇಮೇಜ್ ಇಳಿಸಿಕೊಳ್ಳಲು ನೋಡಿದರೆ ತಯಾರಕರ ಡೌನ್‌ಲೋಡ್ ಪುಟವೇ ಇರಲಿಲ್ಲ. ಡೆಬಿಯನ್‌ನ ಮಾಮೂಲು ಇಮೇಜ್ ಹಾಕಿದರೆ ಪರದೆ ಬೆಳಗಲಿಲ್ಲ, ಏಕೆಂದರೆ ಆ ಪರದೆಯ ಡ್ರೈವರ್ ಇದ್ದದ್ದು ಮಾಯವಾದ ಆ ಪುಟದಲ್ಲಿ ಮಾತ್ರ. ಅದೀಗ ನನ್ನ ಮೇಜಿನ ಮೇಲೆ ಕಾಗದ ಹಾರದಂತೆ ಇಡುವ ಭಾರವಾಗಿದೆ.

ಇನ್ನು ನಿದ್ದೆ. ಫೋನು ಜೇಬಿನಲ್ಲಿ ಎರಡು ದಿನ ಬಾಳುವುದು ಅದರ ಬ್ಯಾಟರಿ ದೊಡ್ಡದೆಂಬ ಕಾರಣಕ್ಕಲ್ಲ, ನಾವು ನೋಡದಿರುವ ಹೊತ್ತಿನಲ್ಲೆಲ್ಲ ಅದು ಗಾಢವಾಗಿ ಮಲಗಿರುತ್ತದೆ ಎಂಬ ಕಾರಣಕ್ಕೆ. ಪ್ರೊಸೆಸರಿನ ಕೋರ್‌ಗಳು ಆರಿ, ಹೆಚ್ಚಿನ ಭಾಗಗಳಿಗೆ ವಿದ್ಯುತ್ ನಿಂತು, ರ‍್ಯಾಮ್ ಮಾತ್ರ ತನ್ನಲ್ಲಿದ್ದುದನ್ನು ತಾನೇ ನೆನಪಿಟ್ಟುಕೊಳ್ಳುವಷ್ಟು ಎಚ್ಚರವಾಗಿದ್ದು, ಗುಂಡಿ ಒತ್ತಿದ ಕೂಡಲೇ ಎಲ್ಲವೂ ಮೊದಲಿನಂತೆ ಏಳಬೇಕು. ಹೀಗೆ ಏಳಬೇಕೆಂದರೆ ಯಂತ್ರದೊಳಗಿನ ಪ್ರತಿ ಡ್ರೈವರಿಗೂ ಮಲಗುವುದೂ ಏಳುವುದೂ ಗೊತ್ತಿರಬೇಕು. ವೈಫೈ ಒಂದು ಏಳದಿದ್ದರೂ, ಟಚ್ ಪರದೆಯೊಂದು ಮಲಗಲು ಒಪ್ಪದಿದ್ದರೂ ಇಡೀ ವ್ಯವಸ್ಥೆ ಕೆಡುತ್ತದೆ. ಮೇಲೆ ಹೇಳಿದ ವೆಂಡರ್ ಕರ್ನಲ್ಲಿನ ತೇಪೆಗಳು ಬಾಯಿ ಬಿಡುವುದು ಸಾಮಾನ್ಯವಾಗಿ ಇಲ್ಲಿಯೇ. ಹೀಗಾಗಿ ನಿದ್ದೆಯ ಪರೀಕ್ಷೆಯೆಂದರೆ ಒಂದರ್ಥದಲ್ಲಿ ಡ್ರೈವರ್‌ಗಳೆಲ್ಲದರ ಪರೀಕ್ಷೆ.

ಲೆಕ್ಕ ಕಷ್ಟದ್ದಲ್ಲ. 5000 ಎಂಎಎಚ್ ಎಂದರೆ 5 ಆಂಪಿಯರ್-ಗಂಟೆ. ಲಿಥಿಯಂ ಸೆಲ್ಲಿನ ಸರಾಸರಿ 3.7 ವೋಲ್ಟಿನಿಂದ ಗುಣಿಸಿದರೆ 18.5 ವ್ಯಾಟ್-ಗಂಟೆ. ಪರದೆ ಬೆಳಗಿ ಕೆಲಸ ನಡೆಯುವಾಗ ಯಂತ್ರ 4 ವ್ಯಾಟ್ ತಿಂದರೆ ನಾಲ್ಕೂವರೆ ಗಂಟೆ, ವೋಲ್ಟೇಜ್ ಬದಲಿಸುವಲ್ಲಿ ಆಗುವ ನಷ್ಟ ಕಳೆದರೆ ನಾಲ್ಕು. ಇದಕ್ಕೆ ಯಾರ ತಕರಾರೂ ಇರುವುದಿಲ್ಲ. ಗಾಢ ನಿದ್ದೆಯಲ್ಲಿ ಅದು 0.1 ವ್ಯಾಟ್ ತಿಂದರೆ ಅದೇ ಬ್ಯಾಟರಿ 185 ಗಂಟೆ, ಅಂದರೆ ಏಳು ದಿನ ದಾಟಿ ಬಾಳುತ್ತದೆ. ನಿದ್ದೆಯೇ ಬರದಿದ್ದರೆ?

ಇದನ್ನು ಅಣ್ಣನ ಮಗನಿಗೆ ಬಾಯಿಮಾತಿನಲ್ಲಿ ಹೇಳಿದರೆ ಮನಸ್ಸಿಗೆ ಇಳಿಯಲಾರದೆಂದು, ಅವನು ಭಾನುವಾರ ಚಿಗರಿ ಬಸ್ಸು ಹಿಡಿದು ಹುಬ್ಬಳ್ಳಿಗೆ ಬಂದಾಗ ನನ್ನಲ್ಲಿದ್ದ ರಾಸ್ಪ್‌ಬೆರಿ ಪೈ 4ರ ಬೋರ್ಡಿಗೆ ಯುಎಸ್‌ಬಿ ಮೀಟರ್ ಸಿಕ್ಕಿಸಿ ಅವನ ಮುಂದಿಟ್ಟೆ. ಪರದೆ ಜೋಡಿಸಿರಲಿಲ್ಲ, ಯಾವ ಕೆಲಸವೂ ನಡೆಯುತ್ತಿರಲಿಲ್ಲ, ಲಾಗಿನ್ ಕೇಳಿಕೊಂಡು ಬೋರ್ಡು ಸುಮ್ಮನೆ ಕೂತಿತ್ತು. ಮೀಟರಿನ ಪುಟ್ಟ ಪರದೆಯ ಮೇಲೆ 5.1 ವೋಲ್ಟ್, 0.53 ಆಂಪಿಯರ್. ಅವನೇ ಗುಣಿಸಿ 2.7 ವ್ಯಾಟ್ ಎಂದ, 18.5ನ್ನು ಅದರಿಂದ ಭಾಗಿಸಿ ಏಳು ಗಂಟೆಯೂ ಇಲ್ಲವೆಂದು ತಾನೇ ಕಂಡುಕೊಂಡ. ಬೆಳಿಗ್ಗೆ ಏಳಕ್ಕೆ ಪೂರ್ತಿ ಚಾರ್ಜ್ ಮಾಡಿ ಜೇಬಿಗಿಟ್ಟು ಒಮ್ಮೆಯೂ ಹೊರಗೆ ತೆಗೆಯದಿದ್ದರೂ ಮಧ್ಯಾಹ್ನ ಎರಡರ ಹೊತ್ತಿಗೆ ಆರಿಹೋಗುವ ಯಂತ್ರ ಅದು. ಈ ಬೋರ್ಡಿನ ಚಿಪ್ಪಿಗೆ ರ‍್ಯಾಮಿನಲ್ಲಿ ಎಲ್ಲವನ್ನೂ ಉಳಿಸಿಕೊಂಡು ಮಲಗುವ ಸೌಲಭ್ಯವೇ ಇಲ್ಲ. ಮೇಜಿನ ಮೇಲೆ ಸದಾ ತಂತಿಗೆ ಅಂಟಿಕೊಂಡಿರಲೆಂದು ಮಾಡಿದ ಬೋರ್ಡಿಗೆ ಅದರ ಅಗತ್ಯವೂ ಇರಲಿಲ್ಲ. ಅಲ್ಲಿ ಅದು ಕುಂದಲ್ಲ. ಆದರೆ ಇದೇ ಚಿಪ್ಪಿರುವ ಕಂಪ್ಯೂಟ್ ಮಾಡ್ಯೂಲ್ 4ನ್ನು ಒಳಗಿಟ್ಟುಕೊಂಡ ಅಂಗೈ ಕಂಪ್ಯೂಟರುಗಳಿವೆ, ಅವನ್ನು ಕೊಳ್ಳುವವರು ಪ್ರತಿ ಸಲ ಪೂರ್ತಿ ಆರಿಸಿ ಪೂರ್ತಿ ಬೂಟ್ ಮಾಡುವ ರೂಢಿಗೆ ಸಿದ್ಧರಿರಬೇಕು. ಸಿಎನ್‌ಸಿ ಯಂತ್ರದ ಮುಂದೆ ನಿಂತು ಅರ್ಧ ನಿಮಿಷ ಕಾಯುವುದು ನನಗೆ ಕಷ್ಟವಲ್ಲ. ಬಸ್ಸಿನಲ್ಲಿ ಕೂತು ಎರಡು ಸಾಲು ಟಿಪ್ಪಣಿ ಬರೆಯಬೇಕೆನ್ನುವವರಿಗೆ ಕಷ್ಟ.

ಎಲ್ಲ ಸರಿಹೋದಾಗ ಹೇಗಿರುತ್ತದೆ ಎಂಬುದಕ್ಕೆ ಸ್ಟೀಮ್ ಡೆಕ್ ಇದೆ. ವಾಲ್ವ್ ಕಂಪನಿಯ (ಗೋಕುಲ ರಸ್ತೆಯ ವಾಲ್ವ್‌ಗಳಿಗೂ ಇದಕ್ಕೂ ನಂಟಿಲ್ಲ) ಈ ಆಟದ ಯಂತ್ರ ಆರ್ಚ್ ಲಿನಕ್ಸನ್ನು ಆಧರಿಸಿದ ಸ್ಟೀಮ್‌ಓಎಸ್ ಮೇಲೆ ನಡೆಯುತ್ತದೆ. ಅದರೊಳಗಿರುವುದು ಎಎಂಡಿಯ ಚಿಪ್, ಅಂದರೆ ಪಿಸಿಯ ವಂಶದ್ದು. ಅದರ ಗ್ರಾಫಿಕ್ಸ್ ಡ್ರೈವರ್ ಮುಕ್ತವಾಗಿದ್ದು, ಅದರ ಮೇಲೆ ಕೆಲಸ ಮಾಡುವವರಿಗೆ ವಾಲ್ವ್ ಕಂಪನಿಯೇ ಸಂಬಳ ಕೊಡುತ್ತದೆ. ಆಟದ ನಡುವೆ ಗುಂಡಿ ಒತ್ತಿದರೆ ಮಲಗುತ್ತದೆ, ಮತ್ತೊಮ್ಮೆ ಒತ್ತಿದರೆ ಬಿಟ್ಟಲ್ಲಿಂದಲೇ ಏಳುತ್ತದೆ. ಇಷ್ಟು ಬಲವಿದ್ದ ಕಂಪನಿಯೂ 2021ರ ಜುಲೈನಲ್ಲಿ ಘೋಷಿಸಿ, ಡಿಸೆಂಬರಿಗೆ ಕೊಡುವುದಾಗಿ ಹೇಳಿ, ಬಿಡಿಭಾಗಗಳ ಕೊರತೆಯಿಂದ 2022ರ ಫೆಬ್ರುವರಿಗೆ ಮುಂದೂಡಬೇಕಾಯಿತು. ಚಿಕ್ಕವರ ಕಥೆ ಇದಕ್ಕಿಂತ ದೀರ್ಘ.

ಪಾಂಡೋರಾ ಎಂಬ ಅಂಗೈ ಕಂಪ್ಯೂಟರಿಗೆ 2008ರ ಸೆಪ್ಟೆಂಬರಿನಲ್ಲಿ ಮುಂಗಡ ಹಣ ತೆಗೆದುಕೊಂಡರು. ಮೊದಲ ಯಂತ್ರಗಳು ರವಾನೆಯಾದದ್ದು 2010ರ ಮೇ ತಿಂಗಳಲ್ಲಿ. ಅದರ ಉತ್ತರಾಧಿಕಾರಿಯಾದ ಪೈರಾಗೆ 2016ರಲ್ಲಿ ಮುಂಗಡ ಆರಂಭವಾಯಿತು, ರವಾನೆ ಆರಂಭವಾದದ್ದು 2020ರ ಕೊನೆಗೆ. ಪ್ಯೂರಿಸಂ ಕಂಪನಿಯ ಲಿಬ್ರೆಮ್ 5 ಫೋನಿಗೆ 2017ರಲ್ಲಿ ಜನರಿಂದ ಹಣ ಸಂಗ್ರಹವಾಯಿತು, 2019ರ ಜನವರಿ ಎಂದಿದ್ದರು, ದೊಡ್ಡ ಪ್ರಮಾಣದ ತಯಾರಿಕೆಯ ಫೋನುಗಳು ಹೊರಟದ್ದು 2020ರ ನವೆಂಬರಿನಲ್ಲಿ. ಇವರಾರೂ ಮೋಸಗಾರರಲ್ಲ, ಯಂತ್ರಗಳು ಕೊನೆಗೂ ಬಂದವು ಎಂಬುದನ್ನು ಒತ್ತಿ ಹೇಳಬೇಕು. ಸಣ್ಣ ಪ್ರಮಾಣದಲ್ಲಿ ಯಂತ್ರ ಮಾಡುವವರಿಗೆ ಅಚ್ಚಿನಲ್ಲಿ ಕೂದಲೆಳೆಯಷ್ಟು ತಪ್ಪಾದರೂ ತಿಂಗಳುಗಳು ಹೋಗುತ್ತವೆ, ಬಿಡಿಭಾಗ ಮಾರುವವರ ಸಾಲಿನಲ್ಲಿ ಅವರು ಯಾವಾಗಲೂ ಕಡೆಯವರು.

ಆದರೆ ತಡವೆಂದರೆ ಕಾಯುವುದಷ್ಟೇ ಅಲ್ಲ ಎಂಬುದು ಪೈರಾದಿಂದ ಕಲಿಯಬೇಕಾದ ಸಂಗತಿ. ಅದರೊಳಗಿದ್ದ ಓಎಂಎಪಿ 5 ಚಿಪ್ಪನ್ನು ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಘೋಷಿಸಿದ್ದು 2011ರಲ್ಲಿ. ಮರುವರ್ಷವೇ ಆ ಕಂಪನಿ ಮೊಬೈಲ್ ಚಿಪ್ಪುಗಳ ವ್ಯವಹಾರದಿಂದ ಹಿಂದೆ ಸರಿಯಿತು. ಯಂತ್ರದ ವಿನ್ಯಾಸ ಆರಂಭವಾದ ದಿನವೇ ಚಿಪ್ ಯಾವುದೆಂದು ನಿಗದಿಯಾಗುತ್ತದೆ, ಆಮೇಲೆ ಅದನ್ನು ಬದಲಿಸಿದರೆ ಬೋರ್ಡು, ಡ್ರೈವರು, ಬೂಟ್‌ಲೋಡರು ಎಲ್ಲವನ್ನೂ ಮೊದಲಿಂದ ಮಾಡಬೇಕಾಗುತ್ತದೆ. ಹಾಗಾಗಿ ತಡವಾದಷ್ಟೂ ಪಟ್ಟಿಯಲ್ಲಿನ ಅಂಕಿಗಳು ಇದ್ದಲ್ಲೇ ಇದ್ದು ಅವುಗಳ ಬೆಲೆ ಮಾತ್ರ ಕರಗುತ್ತ ಹೋಗುತ್ತದೆ.

ಈ ಮಾತು ಬಂದಾಗ ನಮ್ಮ ನಾಡಿನದೇ ಸಿಂಪ್ಯೂಟರನ್ನು ನೆನೆಯದೆ ಮುಂದೆ ಹೋಗಲು ಮನಸ್ಸು ಬರುವುದಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರೂ ಎನ್‌ಕೋರ್ ಎಂಬ ಕಂಪನಿಯವರೂ ಸೇರಿ ರೂಪಿಸಿದ ಈ ಲಿನಕ್ಸ್ ಅಂಗೈ ಕಂಪ್ಯೂಟರಿನಲ್ಲಿ 206 ಮೆಗಾಹರ್ಟ್ಸ್ ವೇಗದ ಸ್ಟ್ರಾಂಗ್‌ಆರ್ಮ್ ಚಿಪ್ ಇತ್ತು; ಅಕ್ಷರ ಬಾರದವರಿಗೂ ಕೇಳಿಸಲೆಂದು ಬರಹವನ್ನು ದನಿಯಾಗಿಸುವ ‘ಧ್ವನಿ’ ತಂತ್ರಾಂಶ ಆ ಯೋಜನೆಯಲ್ಲಿ ಹುಟ್ಟಿ ಕನ್ನಡವನ್ನೂ ಮಾತಾಡಿತು. 2004ರಲ್ಲಿ ಬಿಇಎಲ್ ಮೂಲಕ ಅಮೀಡಾ ಎಂಬ ಹೆಸರಿನಲ್ಲಿ ಅದು ಮಾರಾಟಕ್ಕೆ ಬಂದಾಗ ಅದರಲ್ಲಿ ಕೈಯ ಅಲುಗಾಟವನ್ನು ಗುರುತಿಸುವ ಸಂವೇದಕವೂ ಇತ್ತು, ಫೋನುಗಳಲ್ಲಿ ಅದು ಮಾಮೂಲಾಗುವುದಕ್ಕೆ ವರ್ಷಗಳ ಮೊದಲೇ. ಆಲೋಚನೆ ಮೊಳೆತದ್ದು 1998ರಲ್ಲಿ, ಅಂಗಡಿಗೆ ಬರುವ ಹೊತ್ತಿಗೆ ಆರು ವರ್ಷ ಕಳೆದಿತ್ತು, ಆ ಆರು ವರ್ಷಗಳಲ್ಲಿ ಮೊಬೈಲ್ ಫೋನು ಹಳ್ಳಿ ತಲುಪತೊಡಗಿತ್ತು. ನಿರೀಕ್ಷಿಸಿದಷ್ಟು ಮಾರಾಟ ಆಗಲಿಲ್ಲ. ನನ್ನ ಮಟ್ಟಿಗೆ ಅದು ವಿನ್ಯಾಸದ ಸೋಲಲ್ಲ, ಕಾಲದ ಎದುರಿನ ಸೋಲು.

ಕೀಬೋರ್ಡಿನ ವಿಷಯದಲ್ಲಿ ಕನ್ನಡದವರಾದ ನಮಗೆ ಬೇರೆಯವರಿಗಿಲ್ಲದ ಒಂದು ಪ್ರಶ್ನೆಯಿದೆ, ಅದನ್ನು ತಯಾರಕರ ಚಿತ್ರ ನೋಡಿಯೇ ಬಿಡಿಸಿಕೊಳ್ಳಬಹುದು. ಇನ್‌ಸ್ಕ್ರಿಪ್ಟ್ ವಿನ್ಯಾಸದಲ್ಲಿ ಕನ್ನಡ ಟೈಪಿಸುವವರಿಗೆ ಚ ಬೇಕೆಂದರೆ ಅರ್ಧವಿರಾಮದ ಕೀಲಿ, ಟ ಬೇಕೆಂದರೆ ಅದರ ಪಕ್ಕದ ಉದ್ಧರಣ ಚಿಹ್ನೆಯ ಕೀಲಿ, ಡ ಬೇಕೆಂದರೆ ಚೌಕ ಆವರಣದ ಕೀಲಿ ಒತ್ತಬೇಕು. ಅಂಗೈ ಯಂತ್ರದ ನಲವತ್ತು-ಐವತ್ತು ಕೀಲಿಗಳಲ್ಲಿ ಇವೆಲ್ಲ ಎಫ್‌ಎನ್ ಕೀಲಿಯ ಹಿಂದೆ ಅಡಗಿರುತ್ತವೆ. ‘ಠಾಣೆ’ ಎಂದು ಬರೆಯಲು ಮೊದಲ ಅಕ್ಷರಕ್ಕೇ ಮೂರು ಕೀಲಿಗಳನ್ನು ಒಟ್ಟಿಗೆ ಒತ್ತಬೇಕಾಗಬಹುದು, ಕೈಯಲ್ಲಿರುವುದು ಎರಡೇ ಹೆಬ್ಬೆರಳು. ಕೆ.ಪಿ. ರಾವ್ ಅವರ ವಿನ್ಯಾಸದಿಂದ ಬಂದು ನುಡಿ ತಂತ್ರಾಂಶದ ಮೂಲಕ ಮನೆಮಾತಾದ ಕಗಪ ವಿನ್ಯಾಸ ಇಲ್ಲಿ ಕೈಹಿಡಿಯುತ್ತದೆ, ಏಕೆಂದರೆ ಅದರಲ್ಲಿ ವರ್ಣಮಾಲೆಯೆಲ್ಲ ಇಂಗ್ಲಿಷ್ ಅಕ್ಷರಗಳ ಕೀಲಿಗಳಲ್ಲೇ ಹಿಡಿಸುತ್ತದೆ. ‘ಹುಬ್ಬಳ್ಳಿ’ ಬರೆಯಲು ಎಚ್, ಯು, ಬಿ, ಎಫ್, ಬಿ, ಶಿಫ್ಟ್ ಜೊತೆ ಎಲ್, ಎಫ್, ಮತ್ತೆ ಶಿಫ್ಟ್ ಜೊತೆ ಎಲ್, ಐ: ಒಂಬತ್ತು ಒತ್ತು, ಎಫ್‌ಎನ್ ಗೊಡವೆಯಿಲ್ಲ. ಲಿನಕ್ಸಿನ ಕೀಬೋರ್ಡ್ ಆಯ್ಕೆಗಳಲ್ಲಿ ಈ ವಿನ್ಯಾಸ ಮೊದಲೇ ಇದೆ, ಬೇರೆ ಏನನ್ನೂ ಹಾಕಿಕೊಳ್ಳಬೇಕಿಲ್ಲ.

ಬರೆದದ್ದು ಕಾಣುವುದು ಇನ್ನೊಂದು ಮಾತು. ಬ್ರೌಸರಿನಲ್ಲಿ, ಲಿಬ್ರೆಆಫೀಸಿನಲ್ಲಿ ಕನ್ನಡ ಸರಿಯಾಗಿಯೇ ಮೂಡುತ್ತದೆ. ಆದರೆ ಇಂಥ ಯಂತ್ರಗಳ ಮೋಹಿತರು ದಿನವೆಲ್ಲ ಇರುವುದು ಆಜ್ಞೆಗಳನ್ನು ಟೈಪಿಸಿ ಕೆಲಸ ಮಾಡಿಸುವ ಟರ್ಮಿನಲ್ಲಿನೊಳಗೆ, ಅಲ್ಲಿ ಪ್ರತಿ ಅಕ್ಷರಕ್ಕೂ ಗೆರೆ ಹಾಕಿದಂತೆ ಒಂದೊಂದು ಮನೆ. ಒತ್ತಕ್ಷರಕ್ಕೆ ಆ ಮನೆಗಳ ಲೆಕ್ಕ ಹೊಂದುವುದಿಲ್ಲವಾದ್ದರಿಂದ ಹಲವು ಟರ್ಮಿನಲ್‌ಗಳಲ್ಲಿ ‘ಹುಬ್ಬಳ್ಳಿ’ಯ ಬ ಮತ್ತು ಳ ಒತ್ತುಗಳು ಕಾಲ ಬುಡದಿಂದ ಕಳಚಿ ಪಕ್ಕಕ್ಕೆ ಬಂದು ನಿಲ್ಲುತ್ತವೆ. ಗ್ರಾಫಿಕ್ಸ್ ಇಲ್ಲದ ಬರಿಯ ಕಪ್ಪು ಕನ್ಸೋಲಿನಲ್ಲಂತೂ ಫಾಂಟಿಗೆ 512 ಆಕಾರಗಳ ಮಿತಿಯಿದ್ದು, ಅಕ್ಷರಗಳನ್ನು ಜೋಡಿಸಿ ಕೂಡಿಸುವ ವ್ಯವಸ್ಥೆಯೇ ಇಲ್ಲದ್ದರಿಂದ ಕನ್ನಡವೇ ಮೂಡುವುದಿಲ್ಲ. ಇದು ಯಾವ ತಯಾರಕರ ತಪ್ಪೂ ಅಲ್ಲ. ಆದರೆ ಗ್ರಾಫಿಕ್ಸ್ ಡ್ರೈವರ್ ಸರಿಯಿಲ್ಲದೆ ಕನ್ಸೋಲಿನಲ್ಲೇ ಕಾಲ ತಳ್ಳಬೇಕಾದ ಯಂತ್ರವು ಕನ್ನಡ ಬರೆಯುವವರಿಗೆ ಉಪಯೋಗವಿಲ್ಲ ಎಂಬುದು ಇದರಿಂದ ಹೊರಡುವ ನೇರ ತೀರ್ಮಾನ.

ಪರದೆಯ ಬೆಳಕು, ಬಿಸಿ ಇವುಗಳ ಬಗ್ಗೆ ಹೆಚ್ಚು ಹೇಳಬೇಕಾದುದಿಲ್ಲ. ಗದಗದ ಕಡೆ ಏಪ್ರಿಲ್ ಬಿಸಿಲಿನಲ್ಲಿ, ಗಾಳಿಯಂತ್ರದ ಬುಡದಲ್ಲಿ ನಿಂತು ಓದಬೇಕಾದವರು ಪರದೆಯ ಹೊಳಪನ್ನು ಎಷ್ಟು ನಿಟ್ಸ್ ಎಂದು ಕೇಳಲಿ. ಫ್ಯಾನಿಲ್ಲದ ಪ್ಲಾಸ್ಟಿಕ್ ಡಬ್ಬಿಯೊಳಗೆ ಎಂಟು ಕೋರ್‌ಗಳು ಪೂರ್ಣ ವೇಗದಲ್ಲಿ ನಡೆಯುವುದು ಕೆಲವು ನಿಮಿಷವಷ್ಟೇ, ಆಮೇಲೆ ಚಿಪ್ ತಾನೇ ವೇಗ ಇಳಿಸಿಕೊಳ್ಳುತ್ತದೆ ಎಂಬುದು ನೆನಪಿರಲಿ.

ದುಡ್ಡಿನ ಲೆಕ್ಕ ಸ್ವಲ್ಪ ಬಿಡಿಸಿ ನೋಡಬೇಕು. ಘೋಷಿತ ಬೆಲೆ ನಮ್ಮ ಹಣದಲ್ಲಿ 25,000 ರೂಪಾಯಿಯೆಂದೂ ಸಾಗಣೆ 3,000 ಎಂದೂ ಇಟ್ಟುಕೊಂಡರೆ, ತೆರಿಗೆ ಬೀಳುವುದು 28,000ದ ಮೇಲೆ. ಆಮದಿಗೆ ಬೀಳುವ ಶೇ 18ರ ಐಜಿಎಸ್‌ಟಿಯೊಂದೇ 5,040 ಆಗಿ ಮೊತ್ತ 33,040ಕ್ಕೆ ಮುಟ್ಟುತ್ತದೆ. ಮೂಲ ಸೀಮಾ ಸುಂಕ ಬೀಳುತ್ತದೆಯೇ, ಎಷ್ಟು ಎಂಬುದು ಯಂತ್ರವನ್ನು ಅಧಿಕಾರಿಗಳು ಯಾವ ಶೀರ್ಷಿಕೆಯಡಿ ಸೇರಿಸುತ್ತಾರೆ ಎಂಬುದರ ಮೇಲಿದೆ, ಕೊರಿಯರಿನವರ ಸೇವಾ ಶುಲ್ಕ ಬೇರೆ. 2023ರ ಆಗಸ್ಟಿನಲ್ಲಿ ಕೇಂದ್ರ ಸರ್ಕಾರ ಲ್ಯಾಪ್‌ಟಾಪ್, ಟ್ಯಾಬ್ಲೆಟ್, ಅತಿ ಚಿಕ್ಕ ಕಂಪ್ಯೂಟರುಗಳ ಆಮದಿಗೆ ಪರವಾನಗಿಯ ನಿರ್ಬಂಧ ತಂದಾಗ, ಅಂಚೆ ಅಥವಾ ಕೊರಿಯರ್ ಮೂಲಕ ತರಿಸುವ ಒಂದು ಯಂತ್ರಕ್ಕೆ ವಿನಾಯಿತಿ ಇಟ್ಟಿತ್ತು. ಒಂದು ಎಂದರೆ ಒಂದೇ. ಗೆಳೆಯರು ಕೂಡಿ ಸಾಗಣೆ ಉಳಿಸಲೆಂದು ನಾಲ್ಕನ್ನು ಒಂದೇ ಪೊಟ್ಟಣದಲ್ಲಿ ತರಿಸುವ ಜಾಣತನ ಇಲ್ಲಿ ನಡೆಯದು. ಕೆಟ್ಟರೆ ರಿಪೇರಿಗೆ ವಾಪಸ್ ಕಳಿಸುವ ಖರ್ಚನ್ನು ಯೋಚಿಸಿದರೆ, ಅಂಟು ಹಾಕಿ ಕೂರಿಸಿದ ವಿಶೇಷ ಬ್ಯಾಟರಿಗಿಂತ ಎಲ್ಲೆಡೆ ಸಿಗುವ, 18650 ಎಂಬ ಅಳತೆಯ ದುಂಡನೆಯ ಸೆಲ್ ಹಾಕುವಂಥ ಯಂತ್ರಕ್ಕೆ ನಾನು ಎರಡು ಅಂಕ ಹೆಚ್ಚು ಕೊಡುತ್ತೇನೆ, ಅದು ಎಷ್ಟು ದಪ್ಪಗಿದ್ದರೂ ಸರಿ.

ಇಷ್ಟೆಲ್ಲ ಬಿಡುಗಡೆಗೆ ಮೊದಲೇ ತಿಳಿಯುವುದು ಹೇಗೆ ಎಂದರೆ, ತಿಳಿಯುವಷ್ಟನ್ನು ತಿಳಿಯಬಹುದು. ಮುಖ್ಯ ಕರ್ನಲ್ಲಿನ ಮರ ಎಲ್ಲರಿಗೂ ತೆರೆದಿದೆ. ಅದರ ಆರ್ಮ್ ವಿಭಾಗದ ಡಿವೈಸ್ ಟ್ರೀ ಕಡತಗಳ ನಡುವೆ ಈ ಚಿಪ್ಪಿನ ಹೆಸರಿನಡಿ ಎಷ್ಟು ಬೋರ್ಡುಗಳಿವೆ, ತಯಾರಕರ ಕಡೆಯವರು ಒಂದಾದರೂ ತಿದ್ದುಪಡಿ ಕಳಿಸಿದ್ದಾರೆಯೇ ಎಂದು ಹುಡುಕಬಹುದು. ಪ್ರದರ್ಶನದ ವಿಡಿಯೋದಲ್ಲಿ ಟರ್ಮಿನಲ್ ತೆರೆದರೆ ಕರ್ನಲ್ಲಿನ ಆವೃತ್ತಿ ಸಂಖ್ಯೆ ಒಂದು ಕ್ಷಣ ಕಾಣಿಸುವುದುಂಟು, ಅಲ್ಲಿ ನಿಲ್ಲಿಸಿ ನೋಡಬೇಕು. ವಿಡಿಯೋದಲ್ಲಿ ಯಂತ್ರ ಮಲಗಿ ಎದ್ದದ್ದನ್ನು ತೋರಿಸಿದ್ದಾರೆಯೇ, ಅಥವಾ ಪ್ರತಿ ದೃಶ್ಯದಲ್ಲೂ ಅದು ಮೊದಲೇ ಎದ್ದು ಕೂತಿದೆಯೇ ಎಂಬುದನ್ನು ಗಮನಿಸಬೇಕು. ಯಂತ್ರ ಈಗಾಗಲೇ ಕೈ ಸೇರಿದ ಪರೀಕ್ಷಕರಿಗೆ ಒಂದೇ ವಿನಂತಿ ಸಾಕು: ಸಿಸ್ ಎಂಬ ಫೋಲ್ಡರಿನೊಳಗೆ ಪವರ್ ಎಂಬಲ್ಲಿ ಮೆಮ್_ಸ್ಲೀಪ್ (mem_sleep) ಎಂಬ ಪುಟ್ಟ ಕಡತವಿರುತ್ತದೆ, ಅದರಲ್ಲೇನಿದೆ ಓದಿ ಹೇಳಿ. ‘ಡೀಪ್’ ಎಂಬ ಪದವಿದ್ದರೆ ಗಾಢ ನಿದ್ದೆಯ ದಾರಿ ಇದೆಯೆಂದು ಕರ್ನಲ್ ಹೇಳುತ್ತಿದೆ; ಆಮೇಲೆ ರಾತ್ರಿ ಮಲಗಿಸಿ ಬೆಳಿಗ್ಗೆ ಬ್ಯಾಟರಿ ಶೇಕಡಾ ಎಷ್ಟು ಇಳಿದಿದೆ ನೋಡಿದರೆ ಆ ಹೇಳಿಕೆಯ ಸತ್ಯ ಹೊರಬೀಳುತ್ತದೆ.

ಅಣ್ಣನ ಮಗ ಹುಡುಕಿದ. ಚಿಪ್ ಮುಖ್ಯ ಮರದಲ್ಲಿತ್ತು, ಯಂತ್ರದ ಹೆಸರು ಇರಲಿಲ್ಲ. ತಯಾರಕರಿಗೆ ಎರಡು ಪ್ರಶ್ನೆ ಬರೆದ. ಡ್ರೈವರ್‌ಗಳನ್ನು ಮುಖ್ಯ ಕರ್ನಲ್ಲಿಗೆ ಕಳಿಸುವಿರಾ ಎಂಬುದಕ್ಕೆ ಪರದೆ ಮತ್ತು ಕೀಬೋರ್ಡಿನದು ಆಗಲೇ ಕಳಿಸಿದ್ದೇವೆ ಎಂದು, ಯಾವ ತಿದ್ದುಪಡಿ ಎಂಬ ಗುರುತಿನ ಸಮೇತ ಉತ್ತರ ಬಂತು. ಅದನ್ನು ನೋಡಿ ನನಗೂ ಖುಷಿಯಾಯಿತು. ನಿದ್ದೆಯ ಪ್ರಶ್ನೆಗೆ ಬಂದ ಉತ್ತರ ಒಂದೇ ಸಾಲಿನದು, ಮುಂದಿನ ಅಪ್‌ಡೇಟಿನಲ್ಲಿ ಬರಲಿದೆ ಎಂದು. ರಿಯಾಯಿತಿಯ ಗಡುವು ಮುಗಿಯಲು ಆಗ ಒಂಬತ್ತು ದಿನ ಉಳಿದಿತ್ತು. ಅವನು ಬುಕ್ ಮಾಡಲಿಲ್ಲ. ಮೊದಲ ತಂಡದ ಯಂತ್ರಗಳು ಜನರ ಕೈ ಸೇರಲಿ, ಆ ಕಡತದಲ್ಲಿ ಏನು ಬರೆದಿದೆ ನೋಡೋಣ ಎಂದ. ಹೋಗುವಾಗ ನನ್ನ ಯುಎಸ್‌ಬಿ ಮೀಟರನ್ನು ಕೇಳಿ ತೆಗೆದುಕೊಂಡು ಹೋದ, ಹಾಸ್ಟೆಲಿನಲ್ಲಿ ಗೆಳೆಯರ ಬೋರ್ಡುಗಳನ್ನೆಲ್ಲ ಅಳೆಯಬೇಕಂತೆ.